ಗುಂಡನ ಹೊಟ್ಟೆಗೆ ಪ್ರೋಬಯಾಟಿಕ್ ಪುಡಿ ಬೇಕಾ?

ಡಲ್ಲಾಸ್‌ನ ನಮ್ಮನೆ ಬಿಯರ್ಡೆಡ್ ಡ್ರ್ಯಾಗನ್ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ಹೆಸರು ಗುಂಡ. ಹೋದ ಚಳಿಗಾಲ ಅವನು ಒಂಬತ್ತು ದಿನ ಕಕ್ಕ ಮಾಡಲಿಲ್ಲ. ಓಡಿಹೋಗಿ ಪ್ರೋಬಯಾಟಿಕ್ ಪುಡಿ, ಅಂದರೆ ಹೊಟ್ಟೆಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ ಇರುವ ಪುಡಿ, ತಂದೆ. ಏನೂ ಆಗಲಿಲ್ಲ. ಆಮೇಲೆ ಥರ್ಮಾಮೀಟರ್ ಇಟ್ಟು ನೋಡಿದರೆ, ಅವನು ಮೈ ಕಾಯಿಸುವ ಕಲ್ಲು ಬರೀ 31 ಡಿಗ್ರಿ! ಈ ಪ್ರಾಣಿಗಳಿಗೆ ಶಾಖ ಹೊರಗಿನಿಂದಲೇ ಬರಬೇಕು. ಮೈ ಬಿಸಿಯಾಗದೆ ತಿಂದದ್ದು ಅರಗುವುದಿಲ್ಲ.

ಹಾಗಾಗಿ ಮೊದಲು ಶಾಖ ಕೊಡುವ ದೀಪ ಸರಿಮಾಡಿ. ಕಲ್ಲಿನ ಮೇಲೆ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಲಿ, ಗೂಡಿನ ಇನ್ನೊಂದು ತುದಿ 25ರ ಆಸುಪಾಸು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೂರಿಸಿ. ನೀರು ಭುಜ ದಾಟಬಾರದು, ಪಕ್ಕದಲ್ಲೇ ಇರಿ. ಮೂರನೇ ದಿನ ಗುಂಡ ನೀರಲ್ಲೇ ಕೆಲಸ ಮುಗಿಸಿದ. ತೊಳೆದವಳು ನಾನು.

ಭೇದಿಯಾದರೆ, ತೂಕ ಇಳಿದರೆ ಸುಮ್ನೆ ಪುಡಿ ಹಾಕುತ್ತಾ ಕೂರಬೇಡಿ. ಹೊಸ ಕಕ್ಕವನ್ನು ಡಬ್ಬಿಗೆ ಹಾಕಿ, ಸರೀಸೃಪ ನೋಡುವ ಡಾಕ್ಟರಿಗೆ ಕೊಡಿ. ಕಾಕ್ಸಿಡಿಯಾ (ಕರುಳಲ್ಲಿ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಪರಾವಲಂಬಿ), ಜಂತುಹುಳ ಇದ್ದರೆ ಅದಕ್ಕೆ ಬೇರೆ ಔಷಧಿಯೇ ಬೇಕು. ಆಂಟಿಬಯಾಟಿಕ್ ಆದಮೇಲೆ ಕೆಲವು ಡಾಕ್ಟರು ಪ್ರೋಬಯಾಟಿಕ್ ಬರೆಯುವುದುಂಟು. ಆಗ ಅವರು ಹೇಳಿದಷ್ಟೇ ಸೊಪ್ಪಿನ ಮೇಲೆ ಉದುರಿಸಿ. ಚೆನ್ನಾಗಿ ತಿಂದುಕೊಂಡಿರುವ ಪ್ರಾಣಿಗೆ ದಿನಾ ಕೊಡಬೇಕು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಅಮ್ಮ ಫೋನಿನಲ್ಲಿ "ಒಂದು ಚಮಚ ಮೊಸರು ತಿನ್ನಿಸೇ" ಅಂದರು. ಬೇಡ. ಹಾಲಿನ ಸಕ್ಕರೆ ಇವಕ್ಕೆ ಜೀರ್ಣವಾಗುವುದಿಲ್ಲ. ಮೊಸರನ್ನ ನಮಗೇ ಇರಲಿ, ಅಲ್ವಾ?