ಹೊಸ ರೈಡಿಂಗ್ ಮೋವರ್ ಕೊಳ್ಳುವ ಮೊದಲು ನಾನು ಅಳೆದದ್ದು ಗೇಟುಗಳನ್ನು

ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ನನ್ನ ಹಳೆಯ ಯಂತ್ರದ ಡೆಕ್ಕಿಗೆ, ಅಂದರೆ ಬ್ಲೇಡುಗಳನ್ನು ಮುಚ್ಚಿರುವ ಉಕ್ಕಿನ ಕವಚಕ್ಕೆ, ಮೂರನೆಯ ಸಲ ವೆಲ್ಡಿಂಗ್ ಮಾಡಿಸಲು ಹೋದಾಗ ವೆಲ್ಡರ್ ಅದನ್ನು ಬೋರಲು ಹಾಕಿ, ಸುತ್ತಿಗೆಯಿಂದ ಎರಡು ಕಡೆ ಮೆಲ್ಲಗೆ ತಟ್ಟಿ ನೋಡಿ, “ಇಲ್ಲಿ ಬೆಸೆಯುವುದಕ್ಕೆ ತಗಡೇ ಉಳಿದಿಲ್ಲವಲ್ಲ” ಎಂದರು. ಬೇರೆಯವರ ಹುಲ್ಲುಹಾಸುಗಳನ್ನು ನೋಡಿಕೊಳ್ಳುವುದೇ ನನ್ನ ಕಸುಬು. ಮುಂದೆ ಎಂಜಿನ್, ಹೊಟ್ಟೆಯಡಿ 42 ಇಂಚಿನ ಡೆಕ್, ಕೈಯಲ್ಲಿ ಸ್ಟೀರಿಂಗ್ ಇರುವ ಸಾಧಾರಣ ಲಾನ್ ಟ್ರ್ಯಾಕ್ಟರ್ ಒಂಬತ್ತು ವರ್ಷ ಈ ಕಸುಬನ್ನು ಹೊತ್ತಿತ್ತು. ಅದು ಮನೆಬಳಕೆಗೆಂದು ತಯಾರಾದದ್ದು. ವಾರಕ್ಕೆ ಒಂದೆರಡು ಗಂಟೆ ಓಡಬೇಕಾದ ಯಂತ್ರವನ್ನು ನಾನು ದಿನಕ್ಕೆ ಐದಾರು ಗಂಟೆ ಓಡಿಸಿದ್ದೆ. ಒದ್ದೆ ಹುಲ್ಲಿನ ಚೂರು ಡೆಕ್ಕಿನ ಒಳಮೈಗೆ ಮೆತ್ತಿಕೊಂಡು, ಅದರಡಿ ತುಕ್ಕು ಬೆಳೆದು, ಬ್ಲೇಡನ್ನು ತಿರುಗಿಸುವ ಅಚ್ಚಾದ ಸ್ಪಿಂಡಲ್ ಕೂರುವ ಜಾಗದ ಸುತ್ತ ಬಿರುಕು ಬಿಟ್ಟದ್ದರಲ್ಲಿ ಯಂತ್ರದ ತಪ್ಪಿಗಿಂತ, ಸಂಜೆ ದಣಿದು ಬಂದು ಡೆಕ್ ಕೆರೆಯದೆ ಬಿಟ್ಟ ನನ್ನ ತಪ್ಪೇ ಹೆಚ್ಚು.

ಹೊಸದು ಬೇಕೆಂದು ನಿಶ್ಚಯಿಸಿದಾಗ ನನ್ನ ಕಣ್ಣು ನೇರವಾಗಿ 60 ಇಂಚಿನ ಡೆಕ್ಕಿನ ಮೇಲೆ ಬಿತ್ತು. ಲೆಕ್ಕವೂ ಅದಕ್ಕೆ ತಾಳ ಹಾಕುತ್ತಿತ್ತು: ಡೆಕ್ಕಿನ ಅಗಲವನ್ನು ಓಟದ ವೇಗದಿಂದ ಗುಣಿಸಿದರೆ ಗಂಟೆಗೆ ಎಷ್ಟು ಜಾಗ ಕತ್ತರಿಸಬಹುದೆಂದು ತಿಳಿಯುತ್ತದೆ. 42 ಇಂಚು ಎಂದರೆ ಸುಮಾರು 1.07 ಮೀಟರ್, ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಅದು ಕಾಗದದ ಮೇಲೆ ಎರಡು ಎಕರೆಗಿಂತ ತುಸು ಹೆಚ್ಚಾಗುತ್ತದೆ. ಆದರೆ ಒಂಬತ್ತು ವರ್ಷದಲ್ಲಿ ಒಂದು ದಿನವೂ ನಾನು ಗಂಟೆಗೆ ಎರಡು ಎಕರೆ ಮುಗಿಸಿದ್ದಿಲ್ಲ. ಉಳಿದ ಹೊತ್ತು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಲು ಒಂದು ವಾರ ಗಡಿಯಾರ ಹಿಡಿದು ಕೆಲಸ ಮಾಡಿದೆ. ಎಪ್ಪತ್ತು ನಿಮಿಷ ಹಿಡಿಯುವ ಒಂದು ಹುಲ್ಲುಹಾಸಿನಲ್ಲಿ, ನೇರ ಸಾಲಿನಲ್ಲಿ ಹೊಸ ಹುಲ್ಲನ್ನು ಕತ್ತರಿಸುತ್ತಿದ್ದದ್ದು ಮೂವತ್ತೈದು ನಿಮಿಷ ಮಾತ್ರ. ಮಿಕ್ಕಿದ್ದೆಲ್ಲ ಸಾಲಿನ ಕೊನೆಯಲ್ಲಿ ದೊಡ್ಡ ಸುತ್ತು ಹಾಕಿ ತಿರುಗುವುದಕ್ಕೆ, ಮರಗಳ ಬುಡದಲ್ಲಿ ಹಿಂದೆ ಮುಂದೆ ಆಡುವುದಕ್ಕೆ ಮತ್ತು ತಿರುವಿನಲ್ಲಿ ಬಿಟ್ಟುಹೋದ ಅರೆಚಂದ್ರಾಕಾರದ ತುಣುಕುಗಳನ್ನು ಮತ್ತೆ ಕತ್ತರಿಸುವುದಕ್ಕೆ ಖರ್ಚಾಗುತ್ತಿತ್ತು. ಡೆಕ್ ಅಗಲವಾದರೆ ಕಡಿಮೆಯಾಗುವುದು ಆ ಮೂವತ್ತೈದು ನಿಮಿಷವಷ್ಟೇ. ನನಗೆ ಬೇಕಾಗಿದ್ದದ್ದು ತಿರುಗುವ ಯಂತ್ರ.

ಎರಡನೆಯ ಪಾಠವನ್ನು ಅಳತೆಯ ಟೇಪು ಕಲಿಸಿತು. ನಾನು ಕೆಲಸ ಮಾಡುವ ಎಲ್ಲ ಜಾಗಗಳ ಗೇಟುಗಳನ್ನು ಅಳೆದು ಬರೆದುಕೊಂಡೆ. 60 ಇಂಚಿನ ಡೆಕ್ಕಿಗೆ ಅರ್ಧಕ್ಕರ್ಧ ಗೇಟುಗಳಲ್ಲಿ ದಾರಿಯೇ ಇರಲಿಲ್ಲ. ಇಲ್ಲಿ ಹೊಸಬರು ಮೋಸಹೋಗುವ ಒಂದು ಸಂಗತಿಯಿದೆ: ಡೆಕ್ಕಿನ ಅಳತೆ ಎಂದು ಹೇಳುವುದು ಕತ್ತರಿಸುವ ಅಗಲವನ್ನೇ ಹೊರತು ಯಂತ್ರದ ಅಗಲವನ್ನಲ್ಲ, ಹುಲ್ಲು ಹೊರಹಾಕುವ ಪಕ್ಕದ ಮುಚ್ಚಳ ಇಳಿದಿರುವಾಗ ಒಟ್ಟು ಅಗಲ ಅದಕ್ಕಿಂತ ಹೆಚ್ಚುಕಡಿಮೆ ಒಂದು ಅಡಿ ಜಾಸ್ತಿ ಇರುತ್ತದೆ. ಬ್ಲೇಡು ನಿಲ್ಲಿಸಿ ಮುಚ್ಚಳ ಎತ್ತಿ ಗೇಟು ದಾಟಬಹುದು, ಆದರೆ ಅದನ್ನು ಎತ್ತಿ ಕಟ್ಟಿಯೇ ಕೆಲಸ ಮಾಡುವವರನ್ನು ಕಂಡಾಗ ನನಗೆ ಎದೆ ಝಲ್ಲೆನ್ನುತ್ತದೆ. ಬ್ಲೇಡಿನ ತುದಿಯ ವೇಗಕ್ಕೆ ಅಮೆರಿಕದ ಮಾನದಂಡ ಹಾಕಿರುವ ಮಿತಿಯೇ ನಿಮಿಷಕ್ಕೆ 19,000 ಅಡಿ, ಅಂದರೆ ಗಂಟೆಗೆ ಸುಮಾರು 347 ಕಿಲೋಮೀಟರ್. ಆ ತುದಿಗೆ ತಗುಲಿದ ಬೆಣಚುಕಲ್ಲು ಯಾರ ಕಿಟಕಿ, ಯಾರ ಕಾಲು ಎಂದು ನೋಡುವುದಿಲ್ಲ.

ಕೊನೆಗೆ ಕೊಂಡದ್ದು 48 ಇಂಚಿನ ಝೀರೋ ಟರ್ನ್ ಯಂತ್ರ. ಇದರಲ್ಲಿ ಸ್ಟೀರಿಂಗ್ ಇಲ್ಲ, ತೊಡೆಯ ಮುಂದೆ ಎರಡು ಹಿಡಿಗಳಿವೆ. ಹಿಂದಿನ ಒಂದೊಂದು ಗಾಲಿಗೂ ಅದರದೇ ಹೈಡ್ರೋಸ್ಟಾಟಿಕ್ (ಆಯಿಲಿನ ಒತ್ತಡದಿಂದ ನಡೆಯುವ) ಚಾಲನೆ ಇರುವುದರಿಂದ ಒಂದು ಹಿಡಿ ಮುಂದೆ, ಇನ್ನೊಂದು ಹಿಂದೆ ಮಾಡಿದರೆ ಯಂತ್ರ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಎಂಜಿನ್ನಿನ ಹಾರ್ಸ್‌ಪವರಿನ ಬಗ್ಗೆ ಮಾರಾಟಗಾರ ಬಹಳ ಹೇಳಿದರೂ ನಾನು ಹೆಚ್ಚು ಹೊತ್ತು ಕಳೆದದ್ದು ನೆಲಕ್ಕೆ ಕುಳಿತು ಡೆಕ್ಕಿನ ಅಡಿ ನೋಡುವುದರಲ್ಲಿ. ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಡೆಕ್ಕಿಗಿಂತ, ದಪ್ಪ ಉಕ್ಕಿನ ಹಾಳೆಗಳನ್ನು ಕತ್ತರಿಸಿ ಬೆಸೆದು ಮಾಡಿದ ಡೆಕ್ ಭಾರವಾದರೂ ದಿನವಿಡೀ ದುಡಿಯುವ ಕೆಲಸಕ್ಕೆ ತಾಳುತ್ತದೆ. ಗೇಜಿನ ಸಂಖ್ಯೆ ಚಿಕ್ಕದಾದಷ್ಟೂ ಉಕ್ಕು ದಪ್ಪ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. 10 ಗೇಜ್ ಸುಮಾರು 3.4 ಮಿಲಿಮೀಟರ್, 7 ಗೇಜ್ ಸುಮಾರು 4.6 ಮಿಲಿಮೀಟರ್. ಸೀಟಿನಡಿ ಸ್ಪ್ರಿಂಗ್ ಇದೆಯೇ ಎಂಬುದನ್ನು ಮಾತ್ರ ನನ್ನ ಸೊಂಟವೇ ಪರೀಕ್ಷಿಸಿತು.

ಯಂತ್ರ ಬಂದ ಮೊದಲ ದಿನವೇ ಹುಲ್ಲುಹಾಸು ಮೆಟ್ಟಿಲು ಮೆಟ್ಟಿಲಾಗಿ ಕಾಣಿಸಿತು. ಪ್ರತಿ ಸಾಲಿನ ಬಲಭಾಗ ತಗ್ಗು, ಎಡಭಾಗ ಎತ್ತರ. ಬ್ಲೇಡಿನ ದೋಷವೆಂದುಕೊಂಡು ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗಾಳಿಯ ಒತ್ತಡ ಅಳೆದರೆ, ಹಿಂದಿನ ಎರಡು ಟಯರುಗಳಲ್ಲಿ ಒಂದಕ್ಕೊಂದಕ್ಕೆ ತಾಳೆಯೇ ಇರಲಿಲ್ಲ. ಕೊಡುವ ಮುನ್ನ ಅಂಗಡಿಯವರು ನೋಡಬೇಕಿತ್ತು, ನೋಡಿರಲಿಲ್ಲ. ಟಯರುಗಳನ್ನು ಸರಿಮಾಡಿ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಬೀಗದ ಕೈ ತೆಗೆದು, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ, ದಪ್ಪ ಕೈಗವಸು ಹಾಕಿಕೊಂಡು ಡೆಕ್ ಮಟ್ಟಕ್ಕೆ ತಂದೆ. ಬ್ಲೇಡುಗಳನ್ನು ಅಡ್ಡಕ್ಕೆ ತಿರುಗಿಸಿ ಎಡ ಬಲ ತುದಿಗಳು ನೆಲದಿಂದ ಒಂದೇ ಎತ್ತರಕ್ಕೆ ಬರುವಂತೆ ಮಾಡಿದೆ. ಆಮೇಲೆ ಉದ್ದಕ್ಕೆ ತಿರುಗಿಸಿ, ಮುಂದಿನ ತುದಿ ಹಿಂದಿನದಕ್ಕಿಂತ 3ರಿಂದ 6 ಮಿಲಿಮೀಟರ್ ತಗ್ಗಿರುವಂತೆ ಬೋಲ್ಟ್ ಬಿಗಿದೆ. ಈ ಚಿಕ್ಕ ಓರೆ ಇಲ್ಲದಿದ್ದರೆ ಬ್ಲೇಡಿನ ಹಿಂಬದಿಯೂ ಹುಲ್ಲನ್ನು ಮತ್ತೊಮ್ಮೆ ಉಜ್ಜುತ್ತದೆ, ಎಂಜಿನ್ ವೃಥಾ ದುಡಿಯುತ್ತದೆ.

ಕೈ ಕುದುರಲು ಎರಡು ವಾರ ಬೇಕಾಯಿತು. ನಿಂತಲ್ಲೇ ತಿರುಗುವ ಸೌಕರ್ಯವನ್ನು ಮೆರೆಯಲು ಹೋಗಿ, ಒಂದು ಗಾಲಿಯನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಿದಾಗ, ನಿಂತ ಗಾಲಿ ಹುಲ್ಲನ್ನು ಬೇರುಸಹಿತ ಹಿಂಡಿ ಕಿತ್ತು, ಅಂಗೈ ಅಗಲದ ಕೆಂಪು ಮಣ್ಣಿನ ಗಾಯ ಮಾಡಿತು. ಮಾಲೀಕರು ಏನೂ ಹೇಳಲಿಲ್ಲ, ಆದರೆ ಮರುವಾರ ಹೋದಾಗ ಅವರು ಅದನ್ನೇ ನೋಡುತ್ತ ನಿಂತಿದ್ದರು. ಆಮೇಲಿಂದ ಸಾಲಿನ ಕೊನೆಯಲ್ಲಿ ತುಸು ಓರೆಯಾಗಿ ಮುಂದೆ ಹೋಗಿ, ಹಿಂದೆ ಸರಿದು, ಮತ್ತೆ ಮುಂದಕ್ಕೆ ಬರುತ್ತೇನೆ. ಎರಡೂ ಗಾಲಿ ಸದಾ ಉರುಳುತ್ತಿದ್ದರೆ ಹುಲ್ಲು ಉಳಿಯುತ್ತದೆ.

ಇಳಿಜಾರಿನ ವಿಷಯದಲ್ಲಿ ಮಾತ್ರ ಹಳೆಯ ಯಂತ್ರದ ಅನುಭವ ನನಗೆ ಶತ್ರುವಾಯಿತು. ಝೀರೋ ಟರ್ನಿನ ಮುಂದಿನ ಗಾಲಿಗಳು ತಾವಾಗಿ ಹೊರಳಾಡುವಂಥವು. ದಿಕ್ಕೂ ತಡೆಯೂ ಹಿಂದಿನ ಗಾಲಿಗಳ ಹಿಡಿತದಲ್ಲಿಯೇ ಇರುವುದರಿಂದ, ಅವು ಒದ್ದೆ ಹುಲ್ಲಿನಲ್ಲಿ ಜಾರಿದ ಕ್ಷಣದಿಂದ ಯಂತ್ರ ನಮ್ಮ ಮಾತು ಕೇಳುವುದಿಲ್ಲ. ಬೆಳಗಿನ ಇಬ್ಬನಿ ಆರುವ ಮೊದಲು ಒಂದು ದಿಬ್ಬ ಇಳಿಯುತ್ತ ನಾನು ಎರಡು ಮಾರು ದೂರ ಹಾಗೆ ಜಾರಿದೆ. ಕೆಳಗೆ ಬೇಲಿಯಿತ್ತು, ಕೊಳವಿರಲಿಲ್ಲ, ಬಚಾವಾದೆ. ನನ್ನ ಯಂತ್ರದ ಕೈಪಿಡಿ 15 ಡಿಗ್ರಿಗಿಂತ ಕಡಿದಾದ ಜಾಗಕ್ಕೆ ಹೋಗಬೇಡಿ ಎನ್ನುತ್ತದೆ, ಅಂದರೆ ನೂರು ಅಡಿಗೆ ಸುಮಾರು 27 ಅಡಿ ಏರು. ಕಣ್ಣಿಗೆ ಅದು ಅಷ್ಟೇನೂ ಕಡಿದಾಗಿ ಕಾಣುವುದಿಲ್ಲವಾದ್ದರಿಂದ ಈಗ ನೆಲದ ಮೇಲೆ ಹಲಗೆ ಇಟ್ಟು, ಅದರ ಮೇಲೆ ಮೊಬೈಲ್ ಇಟ್ಟು ಕೋನ ಅಳೆಯುತ್ತೇನೆ. ತಲೆಯ ಹಿಂದಿನ ರಕ್ಷಣಾ ಕಂಬಿ ಎತ್ತಿ ನಿಂತಿರುವಾಗ ಸೀಟ್ ಬೆಲ್ಟ್ ಕಟ್ಟಿಯೇ ಇರಬೇಕು. ಯಂತ್ರ ಮಗುಚಿದರೆ ಆ ಕಂಬಿ ಕಾಯುವುದು ಸೀಟಿನಲ್ಲಿ ಉಳಿದವರನ್ನು ಮಾತ್ರ. ಎರಡು ಏರುಗಳನ್ನು ನಾನು ಈಗಲೂ ಹಿಂದೆ ನಡೆದು ತಳ್ಳುವ ಯಂತ್ರದಲ್ಲೇ, ಅಡ್ಡಡ್ಡವಾಗಿ ಕತ್ತರಿಸುತ್ತೇನೆ.

ಆರೈಕೆಯಲ್ಲಿ ಹಳೆಯ ತಪ್ಪು ಮಾಡಲಿಲ್ಲ. ಓಡಿದ ಗಂಟೆಗಳನ್ನು ಎಣಿಸುವ ಮೀಟರ್ ಇರುವುದರಿಂದ ನೆನಪಿನ ಹಂಗಿಲ್ಲ. ಹೊಸ ಎಂಜಿನ್ನಿನ ಮೊದಲ ಆಯಿಲ್ ಬೇಗನೆ ಬದಲಿಸಬೇಕು. ಸವೆಯುತ್ತ ಹೊಂದಿಕೊಳ್ಳುವ ಭಾಗಗಳ ಲೋಹದ ಪುಡಿ ಮೊದಲ ಗಂಟೆಗಳಲ್ಲೇ ಅದಕ್ಕೆ ಸೇರುತ್ತದೆ. ನಾನು ತೆಗೆದ ಆಯಿಲನ್ನು ಬಿಳಿ ತಟ್ಟೆಗೆ ಸುರಿದಾಗ ಬಿಸಿಲಿನಲ್ಲಿ ಬೆಳ್ಳಿಯ ಧೂಳಿನಂತೆ ಮಿನುಗಿತು. ಬ್ಲೇಡುಗಳನ್ನು ಸುಮಾರು ಹತ್ತು ಗಂಟೆಗೊಮ್ಮೆ ಸಾಣೆ ಹಿಡಿದು, ನಡುವಿನ ತೂತನ್ನು ಮೊಳೆಗೆ ಸಿಕ್ಕಿಸಿ ತೂಕ ನೋಡುತ್ತೇನೆ. ಒಂದು ಕಡೆ ವಾಲಿದರೆ ಆ ನಡುಕವೆಲ್ಲ ಸ್ಪಿಂಡಲ್ಲಿನ ಬೇರಿಂಗಿಗೆ ಹೋಗುತ್ತದೆ. ಸಂಜೆ ಡೆಕ್ಕಿನ ಅಡಿಯನ್ನು ಮರದ ಚಕ್ಕೆಯಿಂದ ಕೆರೆಯದೆ ಊಟಕ್ಕೆ ಕೂರುವುದಿಲ್ಲ.

ಎಪ್ಪತ್ತು ನಿಮಿಷದ ಆ ಹುಲ್ಲುಹಾಸು ಈಗ ನಲವತ್ತೆರಡರಲ್ಲಿ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಹೆಚ್ಚಿನ ಪಾಲು ತಿರುವುಗಳಿಂದ ಬಂದದ್ದು. ಡೆಕ್ ಬೆಳೆದದ್ದು ಆರೇ ಇಂಚು. ಭಾರ ಹೆಚ್ಚಿದ್ದರಿಂದ ಮಳೆಯಾದ ಮರುದಿನ ಗಾಲಿಯ ಗೆರೆ ಬೀಳುತ್ತದೆ, ಟ್ರೇಲರಿನ ಹಲಗೆಗಳನ್ನೂ ಬದಲಿಸಬೇಕಾಯಿತು. ಹಳೆಯ ಟ್ರ್ಯಾಕ್ಟರಿಗೆ ಬೇರೊಂದು ಹಳೆಯ ಡೆಕ್ ಹುಡುಕಿ ಹಾಕಿಸಿ ಇಟ್ಟುಕೊಂಡಿದ್ದೇನೆ. ಮೂರನೆಯ ತಿಂಗಳಲ್ಲಿ ಹೊಸ ಯಂತ್ರದ ಡೆಕ್ ಬೆಲ್ಟ್ ನಡು ಕೆಲಸದಲ್ಲಿ ಹರಿದು, ಬದಲಿ ಬೆಲ್ಟ್ ಬರಲು ನಾಲ್ಕು ದಿನವಾದಾಗ, ಆ ನಾಲ್ಕೂ ದಿನ ಸ್ಟೀರಿಂಗ್ ಹಿಡಿದು ದೊಡ್ಡ ಸುತ್ತು ಹಾಕುತ್ತಲೇ ಎಲ್ಲ ಹುಲ್ಲುಹಾಸುಗಳನ್ನೂ ಮುಗಿಸಿದೆ. ಈಗ ಟ್ರೇಲರಿನ ಪೆಟ್ಟಿಗೆಯಲ್ಲಿ ಎರಡೂ ಯಂತ್ರಗಳ ಒಂದೊಂದು ಬೆಲ್ಟ್ ಸದಾ ಇರುತ್ತದೆ.