ಬೈಕ್ ಟ್ಯಾಂಕಿನ ತುಕ್ಕು: ತೆಗೆಯುವುದು ಸುಲಭ, ಒಣಗಿಸುವುದೇ ಕೆಲಸ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಬಂದ ಕಟ್ಟಕಡೆಯ ಯೆಜ್ಡಿ ಬೈಕಿಗೂ ಈಗ ಮೂವತ್ತರ ಆಸುಪಾಸು ವಯಸ್ಸು. ಎಂಜಿನ್ನಿಗೆ ಬಿಡಿಭಾಗ ಹುಡುಕಬಹುದು, ಸೀಟು ಹೊಲಿಸಬಹುದು, ಕ್ರೋಮ್ ಹೊಸದಾಗಿ ಮಾಡಿಸಬಹುದು. ಒರಿಜಿನಲ್ ಟ್ಯಾಂಕ್ ಮಾತ್ರ ಹೋದರೆ ಹೋಯಿತು. ಅದಕ್ಕೇ ಒಳಗಡೆ ಸ್ವಲ್ಪ ತುಕ್ಕು ಕಂಡ ಕೂಡಲೇ ಟ್ಯಾಂಕನ್ನು ಗುಜರಿಗೆ ಹಾಕಬೇಡಿ, ಬಾತ್‌ರೂಮ್ ಆಸಿಡ್ ಸುರಿದು ಕೊಲ್ಲಲೂ ಬೇಡಿ. ಮನೆಯಲ್ಲೇ, ಅಡುಗೆಮನೆಯ ನಿಂಬೆ ಉಪ್ಪಿನ ಹುಳಿನೀರಿನಲ್ಲೇ ಅದನ್ನು ಉಳಿಸಿಕೊಳ್ಳಬಹುದು. ಇಲ್ಲಿ ಯೆಜ್ಡಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ತಗಡಿನ ಟ್ಯಾಂಕ್ ಇರುವ ಬೇರೆ ಬೈಕುಗಳಿಗೂ ಕ್ರಮ ಇದೇ.

ತುಕ್ಕು ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಬೈಕ್ ಚೆನ್ನಾಗಿಯೇ ಓಡುತ್ತಿರುತ್ತದೆ, ರಿಸರ್ವ್‌ಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ ಮುಗ್ಗರಿಸಿ ನಿಲ್ಲುತ್ತದೆ. ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯಲ್ಲಿರುವ, ಪೆಟ್ರೋಲ್ ಬಿಡುವ ತಿರುಪು) ಒಳಗಿನ ನಳಿಗೆ ಟ್ಯಾಂಕ್ ತಳದಿಂದ ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ. ಮಾಮೂಲಿ ಓಡಿಸುವಾಗ ಪೆಟ್ರೋಲ್ ಹೋಗುವುದು ಅದರ ಮೇಲ್ತುದಿಯಿಂದ. ರಿಸರ್ವ್‌ಗೆ ಹಾಕಿದರೆ ತಳದಿಂದ. ತುಕ್ಕಿನ ಪುಡಿ, ನೀರು ಎಲ್ಲವೂ ಕೂತಿರುವುದು ಅಲ್ಲೇ ಅಲ್ವಾ? ಅದೆಲ್ಲ ಒಟ್ಟಿಗೆ ಇಳಿದು ಕಾರ್ಬ್ಯುರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟಿಕೊಳ್ಳುತ್ತದೆ. ಕಾಕ್‌ನ ಜಾಲರಿ ಬಿಚ್ಚಿ ನೋಡಿ. ಇಟ್ಟಿಗೆ ಬಣ್ಣದ ಹುಡಿ ಬೆರಳಿಗೆ ಅಂಟಿದರೆ ಅನುಮಾನವೇ ಬೇಡ.

ಕಾರಣ ನೀರು. ಅರ್ಧ ಖಾಲಿ ಟ್ಯಾಂಕ್ ಹಗಲು ಬಿಸಿಯಾಗುತ್ತದೆ, ರಾತ್ರಿ ತಣ್ಣಗಾಗುತ್ತದೆ. ಒಳಗಿನ ಗಾಳಿಯ ತೇವ ತಗಡಿನ ಮೇಲೆ ಬೆವರಿನಂತೆ ಕೂತು ಕೆಳಗಿಳಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಈಗ ಎಥನಾಲ್ ಬೇರೆ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 20ರವರೆಗೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ದಿನಾ ಓಡುವ ಬೈಕಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತು, ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಮಾತ್ರ ಹೊರಬರುವ ಗಾಡಿಗೆ ಬಹಳ ತೊಂದರೆ.

ಮೊದಲು ಪೆಟ್ರೋಲ್ ವಿಷಯ

ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಗಾಳಿ ಬೆರೆತ ಆವಿ ತುಂಬಿರುವುದು ಖಾಲಿ ಟ್ಯಾಂಕಿನಲ್ಲೇ. ಅದು ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಹಾಗಾಗಿ ಕೆಲಸ ಬಯಲಲ್ಲಿ ಮಾಡಿ. ಗ್ಯಾಸ್ ಒಲೆ, ದೇವರ ದೀಪ, ಸಿಗರೇಟು, ಡ್ರಿಲ್ಲಿಂಗ್ ಮಷೀನು ಯಾವುದೂ ಹತ್ತಿರ ಇರಬಾರದು. ಬಗ್ಗಿಸಿದ ಪೆಟ್ರೋಲನ್ನು ಮುಚ್ಚಳವಿರುವ ಕ್ಯಾನಿಗೆ ಹಾಕಿಡಿ. ಹಳೆಯದಾಗಿ ವಾಸನೆ ಕೆಟ್ಟಿದ್ದರೆ ಮೋರಿಗೆ ಚೆಲ್ಲಬೇಡಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಟ್ಯಾಂಕ್ ಇಳಿಸಿದ ಮೇಲೆ ಕಾಕ್, ಮುಚ್ಚಳ, ಇದ್ದರೆ ಫ್ಯೂಯಲ್ ಗೇಜಿನ ಫ್ಲೋಟ್ ಎಲ್ಲ ಬಿಚ್ಚಿ. ಇವುಗಳಲ್ಲಿ ಅಲ್ಯೂಮಿನಿಯಂ, ಸತು, ರಬ್ಬರ್ ಇರುತ್ತವೆ, ಹುಳಿ ತಾಗಿದರೆ ಕೆಡುತ್ತವೆ. ಕಾಕ್ ಇದ್ದ ತೂತಿಗೆ ಒಂದು ಚೂರು ರಬ್ಬರ್ ಶೀಟು, ಮೇಲೊಂದು ತಗಡಿನ ಪಟ್ಟಿ ಇಟ್ಟು ಬಿಗಿಯಿರಿ. ಪೇಂಟ್ ಚೆನ್ನಾಗಿದ್ದರೆ ಬಾಯಿಯ ಸುತ್ತ ವ್ಯಾಸಲಿನ್ ದಪ್ಪಗೆ ಸವರಿ, ಮೈಗೆಲ್ಲ ಪ್ಲಾಸ್ಟಿಕ್ ಸುತ್ತಿ. ಸುಮ್ನೆ ಬಟ್ಟೆ ಹೊದಿಸಿದರೆ ಸಾಲದು. ಹುಳಿನೀರು ಬಟ್ಟೆಯಲ್ಲಿ ನಿಂತು ಪೇಂಟನ್ನೇ ತಿನ್ನುತ್ತದೆ.

ಜಿಡ್ಡು ಹೋಗದೆ ತುಕ್ಕು ಹೋಗದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಈ ಹಳೆ ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತೇವೆ. ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿಹೋಗುತ್ತದೆ, ಆಯಿಲ್ ಆರುವುದಿಲ್ಲ. ತುಕ್ಕಿನ ಮೇಲೆ ಅದು ಅಂಟಿನ ಪದರವಾಗಿ ಕೂತಿರುತ್ತದೆ. ಅದರ ಮೇಲೆ ಎಷ್ಟು ಹುಳಿ ಸುರಿದರೂ ಜಾರಿಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಯಮಾಹಾ ಆರ್‌ಎಕ್ಸ್ 100ರಂಥ ಗಾಡಿಗಳಲ್ಲಿ ಆಯಿಲಿಗೆ ಬೇರೆಯೇ ಡಬ್ಬಿ ಇರುವುದರಿಂದ ಈ ಕಾಟ ಕಡಿಮೆ.

ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ. ಅರ್ಧ ಟ್ಯಾಂಕ್ ತುಂಬಿಸಿ ಎಲ್ಲ ದಿಕ್ಕಿಗೂ ಹೊರಳಿಸಿ ಚೆಲ್ಲಿ. ನೊರೆ ಬಿಳಿಯಾಗಿ, ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ಮತ್ತೆ ಮತ್ತೆ ಮಾಡಿ. ಆಮೇಲೆ ಎಲ್‌ಇಡಿ ಟಾರ್ಚ್ ಬಿಟ್ಟು ಒಳಗೆ ನೋಡಿ. ನೀರು ಮುತ್ತುಮುತ್ತಾಗಿ ನಿಂತಿದ್ದರೆ ಜಿಡ್ಡು ಇನ್ನೂ ಇದೆ. ತೆಳ್ಳಗೆ ಒಂದೇ ಪರದೆಯಾಗಿ ಇಳಿಯುತ್ತಿದ್ದರೆ ಹೋಗಿದೆ.

ಹೀಗೆ ನೋಡುವಾಗ ಟ್ಯಾಂಕಿನ ಅಡಿಯನ್ನೂ ಗಮನಿಸಿ. ಚಾಸಿ ಪೈಪಿನ ಮೇಲೆ ಕೂರುವುದಕ್ಕೆಂದು ನಡುವೆ ಕಾಲುವೆ ಇರುತ್ತದೆ, ಅದರ ಎಡಬಲಕ್ಕೆ ಎರಡು ತಗ್ಗು. ಕಾಕ್ ಒಂದೇ ತಗ್ಗಿನಲ್ಲಿದ್ದರೆ ಇನ್ನೊಂದರಲ್ಲಿ ನಿಂತ ನೀರು ಎಂದೂ ಹೊರಹೋಗುವುದಿಲ್ಲ. ಟ್ಯಾಂಕ್ ತೂತಾಗುವುದು ಹೆಚ್ಚಾಗಿ ಅಲ್ಲೇ, ಬೆಸುಗೆಯ ಅಂಚಿನಲ್ಲಿ.

ಹೊಪ್ಪಳೆ ಎದ್ದ ತುಕ್ಕಿಗೆ ಸ್ವಲ್ಪ ಉಜ್ಜಾಟ ಬೇಕು. ಒಂದು ಹಿಡಿ ನಟ್ಟು ಬೋಲ್ಟು ಎಣಿಸಿ ಹಾಕಿ, ಸೋಪುನೀರಿನ ಜೊತೆ ಕುಲುಕಿ. ಎಣಿಸುವುದು ಮುಖ್ಯ, ಒಂದು ಒಳಗೇ ಉಳಿದರೂ ತೊಂದರೆ. ಕೆಲವರು ಸಣ್ಣ ಜಲ್ಲಿ ಹಾಕುತ್ತಾರೆ. ನನ್ನ ಪ್ರಕಾರ ಬೇಡ. ಅದು ಪುಡಿಯಾಗಿ ಮೂಲೆ ಸೇರುತ್ತದೆ, ಆಯಸ್ಕಾಂತಕ್ಕೂ ಸಿಗುವುದಿಲ್ಲ.

ನಿಂಬೆ ಉಪ್ಪಿನ ಕೆಲಸ

ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಅದು ತುಕ್ಕನ್ನು ಕರಗಿಸಿ ಕಬ್ಬಿಣದ ಅಂಶವನ್ನು ನೀರಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಗಟ್ಟಿ ಲೋಹದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ತೆಳು ತುಕ್ಕಿಗೆ ಲೀಟರ್ ನೀರಿಗೆ 50 ಗ್ರಾಂ, ದಪ್ಪ ತುಕ್ಕಿಗೆ 100 ಗ್ರಾಂ. 12 ಲೀಟರ್ ಹಿಡಿಯುವ ಟ್ಯಾಂಕಿಗೆ ಹೆಚ್ಚೆಂದರೆ 1.2 ಕಿಲೋ ಬೇಕು. ಬಕೆಟ್ಟಿನಲ್ಲಿ ಬಿಸಿನೀರಿಗೆ ಹಾಕಿ ಪೂರ್ತಿ ಕರಗಿಸಿ, ನಂತರ ಟ್ಯಾಂಕಿಗೆ ಬಾಯಿಯವರೆಗೆ ತುಂಬಿಸಿ. ಅರ್ಧ ತುಂಬಿಸಿದರೆ ಮೇಲಿನ ತಗಡು ಒದ್ದೆಯಾಗಿ ಗಾಳಿಗೆ ಬಿದ್ದು ಇನ್ನಷ್ಟು ತುಕ್ಕು ಹಿಡಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ.

ಮುಚ್ಚಳ ಬಿಗಿಯಬೇಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅದು ಹೈಡ್ರೋಜನ್, ಹೊರಹೋಗಬೇಕು. ಹಾಗಾಗಿ ಬೆಂಕಿಯ ನಿಯಮ ಈಗಲೂ ಅದೇ. ನೀರು ನಿಧಾನವಾಗಿ ಹಸಿರುಮಿಶ್ರಿತ ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಲವು ಗಂಟೆಗೊಮ್ಮೆ ಸ್ವಲ್ಪ ಹೊರತೆಗೆದು ಒಳಗೆ ನೋಡಿ. ತೆಳು ತುಕ್ಕು ಒಂದು ರಾತ್ರಿಯಲ್ಲಿ ಹೋಗುತ್ತದೆ. ದಪ್ಪಗಿದ್ದರೆ 24 ಗಂಟೆಯ ನಂತರ ಚೆಲ್ಲಿ ಹೊಸ ನೀರು ಹಾಕಿ. ತಗಡು ಮಂಕಾದ ಬೂದು ಬಣ್ಣಕ್ಕೆ ಬಂದರೆ ನಿಲ್ಲಿಸಿ. ದಿನಗಟ್ಟಲೆ ಬಿಟ್ಟರೆ ಅದು ಒಳ್ಳೆಯ ಲೋಹವನ್ನೂ ತಿನ್ನಲು ಶುರುಮಾಡುತ್ತದೆ.

ವಿನೆಗರ್ ಕೂಡ ಆಗುತ್ತದೆ, ಆದರೆ ಟ್ಯಾಂಕ್ ತುಂಬ ಬೇಕು, ನಿಧಾನ. ಕೋಲಾ ಹಾಕಿ ನೋಡುವವರಿದ್ದಾರೆ. ಅದರಲ್ಲಿರುವ ಆಸಿಡ್ ಅತ್ಯಲ್ಪ, ಸಕ್ಕರೆಯ ಅಂಟು ಬೇರೆ. ಬಾತ್‌ರೂಮ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರ ಖಂಡಿತ ಬೇಡ. ನಿಮಿಷಗಳಲ್ಲಿ ತುಕ್ಕು ಹೋಗುತ್ತದೆ ನಿಜ. ಅದರ ಜೊತೆಗೆ ಬೆಸುಗೆಯ ಅಂಚೂ ಹೋಗುತ್ತದೆ, ಹೊಗೆಗೆ ಪಕ್ಕದಲ್ಲಿಟ್ಟ ಸ್ಪ್ಯಾನರ್‌ಗಳೂ ತುಕ್ಕು ಹಿಡಿಯುತ್ತವೆ.

ಆ ಹತ್ತು ನಿಮಿಷ

ಇಡೀ ಕೆಲಸ ಗೆಲ್ಲುವುದೋ ಸೋಲುವುದೋ ಇಲ್ಲಿ. ಹುಳಿನೀರು ಚೆಲ್ಲಿದ ತಕ್ಷಣ ಒಳಗಿರುವುದು ಬೆತ್ತಲೆ ಕಬ್ಬಿಣ. ಒದ್ದೆಯಾಗಿ ಬಿಟ್ಟರೆ ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣದ ಹೊಸ ತುಕ್ಕು ಹರಡುತ್ತದೆ. ಹಾಗಾಗಿ ಮುಂದಿನ ಸಾಮಾನೆಲ್ಲ ಮೊದಲೇ ಕೈಗೆಟುಕುವಂತೆ ಇಟ್ಟುಕೊಂಡು ಆಮೇಲೆ ಚೆಲ್ಲಿ. ಜೊತೆಗೊಬ್ಬರಿದ್ದರೆ ಒಳ್ಳೆಯದು.

ಮೊದಲು ನೀರಿನಲ್ಲಿ ಒಮ್ಮೆ ಜೋರಾಗಿ ತೊಳೆಯಿರಿ. ನಂತರ ಲೀಟರಿಗೆ ಎರಡು ಚಮಚದಂತೆ ಅಡುಗೆ ಸೋಡಾ ಕರಗಿಸಿದ ನೀರನ್ನು ನಿಧಾನವಾಗಿ ಹಾಕಿ ಕುಲುಕಿ. ಹುಳಿ ಉಳಿದಿದ್ದರೆ ನೊರೆ ಉಕ್ಕುತ್ತದೆ, ನೊರೆ ನಿಂತರೆ ಹುಳಿ ಸತ್ತಿತು. ಕೊನೆಯ ತೊಳೆತಕ್ಕೆ ಕುದಿಯುವಷ್ಟು ಬಿಸಿ ನೀರು ಬಳಸಿ. ತಗಡು ಬಿಸಿಯಾಗಿ ಉಳಿದ ತೇವ ತಾನೇ ಹಾರುತ್ತದೆ. ಬಟ್ಟೆ ಹಿಡಿದು ಟ್ಯಾಂಕ್ ಎತ್ತಿ, ಕೈ ಸುಟ್ಟುಕೊಳ್ಳಬೇಡಿ. ಬಗ್ಗಿಸಿ ಪೂರ್ತಿ ಸುರಿಸಿ, ಕೂಡಲೇ ಹೇರ್ ಡ್ರೈಯರ್ ಅಥವಾ ಬ್ಲೋವರ್ ಹಿಡಿಯಿರಿ. ಗಾಳಿ ದೊಡ್ಡ ಬಾಯಿಯಿಂದ ಹೊಕ್ಕು ಕಾಕ್ ತೂತಿನಿಂದ ಹೊರಬರಲಿ. ಎರಡೂ ತಗ್ಗು ಒಣಗುವ ತನಕ ಬಿಡಬೇಡಿ.

ಕೆಲವರು ನೀರು ಎಳೆಯಲು ಸ್ಪಿರಿಟ್ ಹಾಕಿ ಕುಲುಕುತ್ತಾರೆ. ಅದೂ ಸರಿಯಾದ ವಿಧಾನವೇ. ಆದರೆ ಸ್ಪಿರಿಟ್ ಹಾಕಿದರೆ ಡ್ರೈಯರ್ ಹಿಡಿಯುವಂತಿಲ್ಲ, ಹೊತ್ತಿಕೊಳ್ಳುತ್ತದೆ. ಎರಡರಲ್ಲಿ ಒಂದು ಮಾತ್ರ.

ಟ್ಯಾಂಕ್ ಒಣಗಿ ತಣ್ಣಗಾದ ಕೂಡಲೇ ಸುಮಾರು 200 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಹಾಕಿ, ಮೇಲ್ಭಾಗಕ್ಕೂ ತಾಗುವಂತೆ ಹೊರಳಿಸಿ. ಯೆಜ್ಡಿಗೆ ಇದು ಹೇಗೂ ಬೇಕಾದ ಆಯಿಲ್. ಫೋರ್ ಸ್ಟ್ರೋಕ್ ಗಾಡಿಯಾದರೆ ಆಯಿಲನ್ನು ಚೆನ್ನಾಗಿ ಬಸಿದು, ಸ್ವಲ್ಪ ಪೆಟ್ರೋಲಿನಲ್ಲಿ ತೊಳೆದು ತೆಗೆಯಿರಿ.

ತೂತಿದ್ದರೆ

ಎಷ್ಟೋ ಸಲ ಸೂಜಿ ಮೊನೆಯಷ್ಟು ತೂತನ್ನು ತುಕ್ಕೇ ಮುಚ್ಚಿಕೊಂಡಿರುತ್ತದೆ. ತುಕ್ಕು ಹೋದ ಮೇಲೆ ಸೋರಲು ಶುರು. ಹುಳಿನೀರು ತುಂಬಿದ್ದಾಗಲೇ ಅಡಿಯಲ್ಲಿ ಪೇಪರ್ ಹಾಸಿಟ್ಟರೆ ಒದ್ದೆಯಾದ ಜಾಗ ತೋರಿಸಿಕೊಡುತ್ತದೆ. ಬೆಸುಗೆಯನ್ನು ಮನೆಯಲ್ಲಿ ಪ್ರಯತ್ನಿಸಲೇಬೇಡಿ, ಟ್ಯಾಂಕ್ ಕೆಲಸ ಗೊತ್ತಿರುವ ಟಿಂಕರ್ ಹತ್ತಿರವೇ ಕೊಡಿ. ಇದು ಹಿಂದೆ ಪೆಟ್ರೋಲ್ ಇದ್ದ ಟ್ಯಾಂಕ್ ಎಂದು ಬಾಯಿಬಿಟ್ಟು ಹೇಳಿ.

ಒಳಗೆ ಬಳಿಯುವ ಟ್ಯಾಂಕ್ ಸೀಲರ್ ಬಗ್ಗೆ ಬಹಳ ಜನ ಕೇಳುತ್ತಾರೆ. ತಗಡು ಗಟ್ಟಿಯಿದ್ದರೆ ನನ್ನ ಉತ್ತರ, ಬೇಡ. ಜಿಡ್ಡೋ ತೇವವೋ ಸ್ವಲ್ಪ ಉಳಿದಿದ್ದರೂ ಅದು ಹಾಳೆಯಂತೆ ಎದ್ದು ಕಾಕ್‌ಗೆ ಸಿಕ್ಕಿಕೊಳ್ಳುತ್ತದೆ, ತೆಗೆಯುವುದು ತುಕ್ಕಿಗಿಂತ ಕಷ್ಟ. ಬಳಸಲೇಬೇಕಾದರೆ ಎಥನಾಲ್ ತಾಳುತ್ತದೆ ಎಂದು ಡಬ್ಬದ ಮೇಲೆ ಬರೆದಿರುವುದನ್ನೇ ಕೊಳ್ಳಿ.

ಮತ್ತೆ ಜೋಡಿಸುವಾಗ ಕಾಕ್‌ಗೆ ಹೊಸ ವಾಷರ್, ಮುಚ್ಚಳಕ್ಕೆ ಹೊಸ ರಬ್ಬರ್ ಹಾಕಿ. ಹಳೆ ರಬ್ಬರ್ ಬಿರುಕು ಬಿಟ್ಟಿದ್ದರೆ ಮಳೆನೀರು, ವಾಟರ್ ವಾಷ್ ನೀರು ಇಳಿಯುವುದು ಅಲ್ಲಿಂದಲೇ. ಮುಚ್ಚಳದ ಗಾಳಿ ತೂತು ಕಟ್ಟಿಲ್ಲವೇ ನೋಡಿ. ಕಾರ್ಬ್ಯುರೇಟರಿನ ಬಟ್ಟಲು, ಜೆಟ್ ಎರಡನ್ನೂ ಕ್ಲೀನ್ ಮಾಡಿ. ಗಾಡಿಯನ್ನು ಒಂದೆರಡು ತಿಂಗಳು ನಿಲ್ಲಿಸುವುದಾದರೆ ಟ್ಯಾಂಕ್ ಭರ್ತಿ ಮಾಡಿಡಿ. ಅದಕ್ಕಿಂತ ಜಾಸ್ತಿಯಾದರೆ ಪೂರ್ತಿ ಖಾಲಿ ಮಾಡಿ ಆಯಿಲ್ ಹೊರಳಿಸಿಡಿ. ಪೆಟ್ರೋಲ್ ಪೈಪಿಗೆ ಒಳಗೆ ಕಾಣುವಂಥ ಫಿಲ್ಟರ್ ಹಾಕಿ, ಮೊದಲ ವಾರ ದಿನಾ ನೋಡಿ. ಶುರುವಿನಲ್ಲಿ ಸ್ವಲ್ಪ ಹುಡಿ ಬರುವುದು ಸಹಜ, ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ನಿಲ್ಲಬೇಕು. ಎರಡನೇ ಟ್ಯಾಂಕಿಗೂ ಕಂದು ಹುಡಿ ಬರುತ್ತಲೇ ಇದ್ದರೆ ಕಾಕ್ ಇಲ್ಲದ ಕಡೆಯ ತಗ್ಗಿನಲ್ಲಿ ತುಕ್ಕು ಉಳಿದಿದೆ ಎಂದೇ ಲೆಕ್ಕ. ಟ್ಯಾಂಕ್ ಇಳಿಸಿ, ಮೊದಲಿನಂತೆ ಜಿಡ್ಡು ತೊಳೆದು, ನಿಂಬೆ ಉಪ್ಪಿನ ನೀರನ್ನು ಬಾಯಿಯವರೆಗೆ ತುಂಬಿಸಿ ಇನ್ನೊಂದು ರಾತ್ರಿ ನೆನೆಸಿ. ತೊಳೆದು ಒಣಗಿಸಿ ಆಯಿಲ್ ಹೊರಳಿಸುವುದನ್ನೂ ಮತ್ತೆ ಮಾಡಿ.