ಫೋಟೊ ಸಾಲದು, ಕಟ್ಟುವ ದಾರಿಯನ್ನೂ ಕೊಡಿ

ತಿಪಟೂರು ಕಡೆಯ ನಮ್ಮ ಹಳ್ಳಿಮನೆಯ ಕೊಬ್ಬರಿ ಅಟ್ಟವನ್ನು ಲೆಗೊ ಎಂಬ ಪ್ಲಾಸ್ಟಿಕ್ ಆಟಿಕೆ ಬ್ರಿಕ್ಕುಗಳಲ್ಲಿ ಕಟ್ಟಲು ನನಗೆ ಎರಡು ತಿಂಗಳು ಹಿಡಿಯಿತು. ಕೆಳಗೆ ದನ ಕಟ್ಟುವ ಜಾಗ, ಮೇಲೆ ಸಂದು ಬಿಟ್ಟು ಹಾಸಿದ ಅಡಿಕೆ ದಬ್ಬೆ, ದಬ್ಬೆಯ ಮೇಲೆ ಕಾಯಿಯ ರಾಶಿ, ಅದರ ನೆತ್ತಿಗೆ ಕೆಂಪು ಹೆಂಚು. ಫೋಟೊ ತೆಗೆದು ತುಮಕೂರಿನಲ್ಲಿರುವ ಅಕ್ಕನ ಮಗನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. “ಮಾಮ, ಸಕತ್ತಾಗೈತೆ. ಆದ್ರೆ ಹೆಂಚು ಹೆಂಗೆ ಓರೆಯಾಗಿ ನಿಂತೈತೆ? ಫೋಟೊ ನೋಡಿದ್ರೆ ಗೊತ್ತೇ ಆಗಲ್ಲ. ನಾನೂ ಕಟ್ಬೇಕು.”

ಆ “ನಾನೂ ಕಟ್ಬೇಕು” ಎಂಬ ಮಾತಿಗೆ ಉತ್ತರ ಕೊಡುವುದೇ ಈ ಹವ್ಯಾಸದಲ್ಲಿ ನಿಜವಾದ ಹಂಚಿಕೆ ಎಂದು ನಾನು ನಂಬಿದ್ದೇನೆ. ಚಿತ್ರ ನೋಡಿ ಮೆಚ್ಚುವವರು ನೂರು ಮಂದಿ ಸಿಗುತ್ತಾರೆ. ನೀವು ತೋರಿಸಿದ ದಾರಿಯಲ್ಲಿ ಒಬ್ಬರು ಕೂತು ಕಟ್ಟಿ ಮುಗಿಸಿದರೆ ಆ ಸಂತೋಷವೇ ಬೇರೆ. ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ 1932ರಲ್ಲಿ ಶುರು ಮಾಡಿದ ಕಂಪನಿಯ ಬ್ರಿಕ್ ಇದು. ಒಳಗೆ ಕೊಳವೆಗಳಿರುವ ಈಗಿನ ರೂಪಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಅಂದಿನ ಬ್ರಿಕ್ ಇಂದಿನದಕ್ಕೂ ಕಚ್ಚಿಕೊಳ್ಳುತ್ತದೆ. ಅಳತೆ ಎಲ್ಲೆಲ್ಲೂ ಒಂದೇ ಆದ್ದರಿಂದ ಶಿರಾದಲ್ಲಿ ಕೂತು ಬರೆದಿಟ್ಟ ವಿವರಣೆ ಜಪಾನಿನ ಮೇಜಿನ ಮೇಲೂ ಹಾಗೇ ಕೂಡುತ್ತದೆ.

ಹೀಗೆ ಸ್ವಂತ ಕಲ್ಪನೆಯಿಂದ ಕಟ್ಟಿದ್ದನ್ನು ಹವ್ಯಾಸಿಗಳು ‘ಮಾಕ್’ ಅನ್ನುತ್ತಾರೆ. ‘ಮೈ ಓನ್ ಕ್ರಿಯೇಷನ್’ ಎಂಬುದರ ಮೊದಲಕ್ಷರಗಳು. ನಿಮ್ಮ ಮಾಕ್ ಮನೆಯ ಶೋಕೇಸಿನಿಂದ ಹೊರಟು ಬೇರೆಯವರ ಕೈ ಸೇರಬೇಕಾದರೆ ಏನೇನು ಮಾಡಬೇಕು, ನೋಡೋಣ.

ಮೊದಲು ಎತ್ತಿ ಅಲ್ಲಾಡಿಸಿ

ಮಾದರಿಯನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಅಲ್ಲಾಡಿಸಿ. ಏನಾದರೂ ಉದುರಿತೇ? ನಿಮ್ಮ ಮನೆಯ ಕಪಾಟಿನಲ್ಲಿ ಅದು ನಿಂತೇ ಇರಬಹುದು, ಆದರೆ ಇನ್ನೊಬ್ಬರು ಕಟ್ಟುವಾಗ ಅದೇ ಜಾಗದಲ್ಲಿ ಕೈಕೊಡುತ್ತದೆ. ಗೋಡೆಯ ಬ್ರಿಕ್ಕುಗಳನ್ನು ಇಟ್ಟಿಗೆ ಗೋಡೆಯ ಹಾಗೆಯೇ ಒಂದರ ಸಂದಿನ ಮೇಲೆ ಇನ್ನೊಂದು ಬರುವಂತೆ ಬದಲಿಸಿ. ಗಾರೆ ಕೆಲಸದವರು ಮೊದಲ ದಿನ ಕಲಿಯುವ ಪಾಠ ಇಲ್ಲೂ ಅಷ್ಟೇ ಸತ್ಯ. ಒತ್ತಿ ತುರುಕಿದ, ಬಾಗಿಸಿ ಕೂರಿಸಿದ ಜೋಡಣೆಯಿದ್ದರೆ ತೆಗೆಯಿರಿ. ಪ್ಲಾಸ್ಟಿಕ್ ಬಿರಿಯುತ್ತದೆ. ಅದರಲ್ಲೂ ಹಳೆಯ ಕೆಂಗಂದು ಬಣ್ಣದ ಪೀಸುಗಳು ಬೇಗ ಮುರಿಯುತ್ತವೆ.

ಅಳತೆಯ ಲೆಕ್ಕ ಬಾಯಿಪಾಠವಾಗಿರಲಿ. ಬ್ರಿಕ್ಕಿನ ನೆತ್ತಿಯ ಮೇಲಿರುವ ದುಂಡನೆಯ ಉಬ್ಬೇ ಗುಬುಟು. ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿ.ಮೀ. ಬ್ರಿಕ್ಕಿನ ಎತ್ತರ 9.6 ಮಿ.ಮೀ., ತೆಳು ಪ್ಲೇಟಿನದು 3.2. ಮೂರು ಪ್ಲೇಟ್ ಪೇರಿಸಿದರೆ ಒಂದು ಬ್ರಿಕ್. ಐದು ಪ್ಲೇಟ್ ಪೇರಿಸಿದರೆ 16 ಮಿ.ಮೀ., ಅಂದರೆ ಸರಿಯಾಗಿ ಎರಡು ಗುಬುಟಿನ ಅಗಲ. ಗುಬುಟು ಪಕ್ಕಕ್ಕೆ ತಿರುಗಿಸಿ ಕಟ್ಟುವ ವಿಧಾನವೆಲ್ಲ ನಿಂತಿರುವುದು ಈ ಕೊನೆಯ ಲೆಕ್ಕದ ಮೇಲೆ. ಅದಕ್ಕೆ ‘ಸ್ನಾಟ್’ ಎಂದು ಹೆಸರು, ‘ಸ್ಟಡ್ಸ್ ನಾಟ್ ಆನ್ ಟಾಪ್’ ಎಂಬುದರ ಮೊದಲಕ್ಷರಗಳು. ಈ ಲೆಕ್ಕ ತಪ್ಪಿದ ಕಡೆ ಕೂದಲೆಳೆಯ ಸಂದು ಉಳಿಯುತ್ತದೆ, ಫೋಟೊದಲ್ಲಿ ಅಲ್ಲೇ ಬೆಳಕು ತೂರಿ ಕಾಣುತ್ತದೆ.

ಪೀಸಿನ ಬೆನ್ನಲ್ಲೇ ಅದರ ನಂಬರ್

ಹೆಚ್ಚಿನ ಪೀಸುಗಳನ್ನು ತಿರುಗಿಸಿ ಬೆಳಕಿಗೆ ಹಿಡಿದರೆ ಒಳಗೆ ಇರುವೆಗಾತ್ರದ ಅಂಕಿ ಕಾಣುತ್ತದೆ. ಅಗಲಕ್ಕೆ ಎರಡು, ಉದ್ದಕ್ಕೆ ನಾಲ್ಕು ಗುಬುಟಿರುವ ಎರಡು-ನಾಲ್ಕರ ಬ್ರಿಕ್ಕಿಗೆ 3001, ಒಂದು-ಎರಡರದಕ್ಕೆ 3004, ಒಂದು-ಎರಡರ ಪ್ಲೇಟಿಗೆ 3023. ಕಣ್ಣಿಗೆ ಹತ್ತದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ. ನಂಬರ್, ಬಣ್ಣ, ಎಷ್ಟು ಬೇಕು ಎಂಬ ಮೂರು ಕಾಲಮ್ಮಿನ ಪಟ್ಟಿ ಮಾಡಿ. ನಾನು ಹಳೆಯ ಲೆಕ್ಕದ ಪುಸ್ತಕವನ್ನೇ ಇದಕ್ಕೆ ಇಟ್ಟುಕೊಂಡಿದ್ದೇನೆ.

ಬಣ್ಣದ ವಿಷಯದಲ್ಲಿ ಎಚ್ಚರ. ಒಂದೇ ಬೂದುಬಣ್ಣವನ್ನು ಕಂಪನಿ ‘ಮೀಡಿಯಂ ಸ್ಟೋನ್ ಗ್ರೇ’ ಎಂದರೆ, ಬಿಡಿ ಪೀಸು ಮಾರುವ ಬ್ರಿಕ್‌ಲಿಂಕ್‌ನಲ್ಲಿ ಅದರ ಹೆಸರು ‘ಲೈಟ್ ಬ್ಲೂಯಿಶ್ ಗ್ರೇ’. ಬರಿ ‘ಗ್ರೇ’ ಎಂದು ಬರೆದರೆ ಕಟ್ಟುವವರು ಹಳೆಯ ಬೂದು ಯಾವುದು, ಹೊಸ ಬೂದು ಯಾವುದು ಎಂದು ಒದ್ದಾಡುತ್ತಾರೆ. ಯಾವ ಜಾಲತಾಣದ ಹೆಸರು ಬಳಸುತ್ತಿದ್ದೀರೋ ಅದನ್ನೇ ಪಟ್ಟಿಯ ಉದ್ದಕ್ಕೂ ಬಳಸಿ. ನಮ್ಮ ಪೇಟೆಗಳಲ್ಲಿ ಲೆಗೊಗೆ ಹೊಂದುವ ಬೇರೆ ಕಂಪನಿಗಳ ಬ್ರಿಕ್ಕುಗಳೂ ಸಿಗುತ್ತವೆ. ಅವನ್ನು ಬಳಸಿದ್ದರೆ ಹಾಗೆಂದು ಬರೆಯಿರಿ. ಕಚ್ಚುವ ಬಿಗಿ ಒಂದೊಂದರದು ಒಂದೊಂದು ಥರ ಇರುತ್ತದೆ, ಕಟ್ಟುವವರಿಗೆ ಅದು ಮೊದಲೇ ಗೊತ್ತಿರಬೇಕು.

ಫೋಟೊಗೆ ಜಗುಲಿ, ಡ್ರಾಯಿಂಗ್ ಶೀಟ್, ಥರ್ಮೊಕೋಲ್

ನಾನು ಹೆಚ್ಚು ಹೊತ್ತು ಕೊಡುವುದು ಇಲ್ಲಿ. ಮೊದಲು ಮೆತ್ತನೆಯ ಪೇಂಟ್ ಬ್ರಷ್‌ನಿಂದ ಧೂಳು ತೆಗೆಯಿರಿ. ಬರಿಗಣ್ಣಿಗೆ ಕಾಣದ ಧೂಳು ಕಪ್ಪು ಪೀಸಿನ ಮೇಲೆ ಫೋಟೊದಲ್ಲಿ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಬೆರಳ ಗುರುತುಗಳನ್ನು ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ.

ಬಿಳಿ ಡ್ರಾಯಿಂಗ್ ಶೀಟಿನ ಒಂದು ತುದಿಯನ್ನು ಗೋಡೆಗೆ ಅಂಟಿಸಿ, ಇನ್ನೊಂದು ತುದಿಯನ್ನು ಮೇಜಿನ ಮೇಲೆ ಎಳೆದು ಬಿಡಿ. ಮಡಿಕೆ ಬೀಳದಂತೆ ಬಿಲ್ಲಿನ ಹಾಗೆ ಬಾಗಿರಬೇಕು. ಆಗ ಗೋಡೆ ಎಲ್ಲಿ ಮುಗಿಯಿತು, ಮೇಜು ಎಲ್ಲಿ ಶುರುವಾಯಿತು ಎಂದು ತಿಳಿಯದೆ ಮಾದರಿಯೊಂದೇ ಎದ್ದು ಕಾಣುತ್ತದೆ. ನೇರ ಬಿಸಿಲು ಬೇಡ. ಬೆಳಗ್ಗೆ ಹತ್ತರ ಹೊತ್ತಿಗೆ ಜಗುಲಿಯ ನೆರಳಿನಲ್ಲಿ ಸಿಗುವ ಬೆಳಕೇ ಸಾಕು. ಬೆಳಕು ಎಡದಿಂದ ಬರುತ್ತಿದ್ದರೆ ಬಲಗಡೆ ಒಂದು ಥರ್ಮೊಕೋಲ್ ಹಾಳೆ ನಿಲ್ಲಿಸಿ. ನೆರಳಿನ ಬದಿಗೂ ಬೆಳಕು ತಟ್ಟುತ್ತದೆ. ಫ್ಲ್ಯಾಶ್ ಹಾಕಲೇಬೇಡಿ, ಗುಬುಟುಗಳೆಲ್ಲ ಬಿಳಿ ಚುಕ್ಕೆಗಳಾಗಿಬಿಡುತ್ತವೆ.

ಫೋನನ್ನು ಮಾದರಿಯ ಮೂತಿಗೆ ಹಿಡಿದರೆ ಹತ್ತಿರದ ಮೂಲೆ ಉಬ್ಬಿ ಗೋಡೆ ಸೊಟ್ಟ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ಮೊದಲ ಚಿತ್ರ ಮುಂಭಾಗ ಮತ್ತು ಒಂದು ಪಕ್ಕ ಎರಡೂ ಕಾಣುವ ಕೋನದ್ದಿರಲಿ. ಆಮೇಲೆ ನೇರ ಮುಂದೆ, ಹಿಂದೆ, ಮೇಲಿನಿಂದ. ಒಂದು ಚಿತ್ರವನ್ನು ಗೊಂಬೆಯ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ, ನೋಡುವವರು ಆ ಮನೆಯೊಳಕ್ಕೇ ಕಾಲಿಟ್ಟಂತಾಗುತ್ತದೆ. ಕೊನೆಗೆ, ಚಾವಣಿ ಎತ್ತಿಟ್ಟು ಒಳಗಿನ ಚಿತ್ರ. ನನ್ನ ಸೋದರಳಿಯ ಕೇಳಿದ್ದು ಅದನ್ನೇ. ನನ್ನ ಹೆಂಚಿನ ಮಾಡು ಇಳಿಜಾರು ಪೀಸುಗಳದ್ದಲ್ಲ. ಸಪಾಟಾಗಿ ಕಟ್ಟಿದ ಎರಡು ಹಲಗೆಗಳನ್ನು ಬಾಗಿಲ ಕೀಲಿನ ಹಾಗೆ ಮಡಿಯುವ ಹಿಂಜ್ ಪೀಸುಗಳಿಗೆ ಸಿಕ್ಕಿಸಿ ಓರೆಯಾಗಿ ಒರಗಿಸಿದ್ದು. ಹೊರಗಿನ ಹತ್ತು ಫೋಟೊ ಹೇಳದ್ದನ್ನು ಆ ಒಂದು ಫೋಟೊ ಹೇಳಿತು.

ಹಂತ ಹಂತವಾಗಿ ಬಿಡಿಸಿಡುವುದು

ಕಂಪ್ಯೂಟರ್ ಇದ್ದರೆ ‘ಸ್ಟುಡಿಯೊ’ ಎಂಬ ತಂತ್ರಾಂಶ ಹಾಕಿಕೊಳ್ಳಿ. ಬ್ರಿಕ್‌ಲಿಂಕ್‌ನವರದು, ಉಚಿತ. ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. (ಬ್ರಿಕ್‌ಲಿಂಕನ್ನು ಲೆಗೊ ಕಂಪನಿಯೇ 2019ರಲ್ಲಿ ಕೊಂಡುಕೊಂಡಿತು.) ಮಾದರಿಯನ್ನು ಅದರಲ್ಲಿ ಪೀಸು ಪೀಸಾಗಿ ಮತ್ತೆ ಕಟ್ಟಿದರೆ ಪೀಸುಗಳ ಪಟ್ಟಿಯನ್ನು ಅದೇ ಮಾಡಿಕೊಡುತ್ತದೆ, ಒಂದಕ್ಕೊಂದು ಒತ್ತುವ ಕಡೆ ಎಚ್ಚರಿಸುತ್ತದೆ. ಹಂತಗಳನ್ನು ವಿಂಗಡಿಸಿ ಪಿಡಿಎಫ್ ಕೂಡ ತೆಗೆಯಬಹುದು. ಇಂಥ ತಂತ್ರಾಂಶಗಳಿಗೆ ತಳಪಾಯ ಹಾಕಿದವರು ಹವ್ಯಾಸಿಗಳೇ. ಜೇಮ್ಸ್ ಜೆಸ್ಸಿಮನ್ ಎಂಬ ಆಸ್ಟ್ರೇಲಿಯಾದ ಯುವಕ 1995ರಲ್ಲಿ ರೂಪಿಸಿದ ‘ಎಲ್‌ಡ್ರಾ’ ಎಂಬ ಫೈಲ್ ಮಾದರಿ ಇಂದಿಗೂ ಬಳಕೆಯಲ್ಲಿದೆ. ಅವರು 1997ರಲ್ಲೇ ತೀರಿಕೊಂಡರು. ತಾವು ಮಾಡಿದ್ದನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದಲೇ ನಮ್ಮ ಕೆಲಸ ಇಷ್ಟು ಹಗುರಾಗಿದೆ.

ಕಂಪ್ಯೂಟರ್ ಇಲ್ಲವೇ? ಚಿಂತೆ ಬೇಡ, ಫೋನೇ ಸಾಕು. ಫೋನನ್ನು ಒಂದು ಕಡೆ ಅಲುಗದಂತೆ ನಿಲ್ಲಿಸಿ, ಕಟ್ಟಿದ ಮಾದರಿಯನ್ನು ಮೇಲಿನಿಂದ ಬಿಚ್ಚುತ್ತಾ ಬನ್ನಿ. ನಾಲ್ಕೈದು ಪೀಸು ತೆಗೆದಾಗಲೊಮ್ಮೆ ಒಂದು ಫೋಟೊ. ತೆಗೆದ ಪೀಸುಗಳನ್ನು ಮಾದರಿಯ ಪಕ್ಕದಲ್ಲೇ ಸಾಲಾಗಿ ಇಟ್ಟು, ಅವೂ ಚಿತ್ರದಲ್ಲಿ ಬರಲಿ. ಪೂರ್ತಿ ಬಿಚ್ಚಿದ ಮೇಲೆ ಫೋಟೊಗಳನ್ನು ಕೊನೆಯಿಂದ ಮೊದಲಿಗೆ ಜೋಡಿಸಿದರೆ ಕಟ್ಟುವ ಕ್ರಮ ಸಿದ್ಧ. ನನ್ನ ಮೊದಲ ಮೂರು ಮಾದರಿಗಳನ್ನು ಹಂಚಿಕೊಂಡದ್ದು ಹೀಗೆಯೇ.

ಒಂದು ಹಂತದಲ್ಲಿ ಹೆಚ್ಚು ಪೀಸು ತುಂಬಬೇಡಿ. ಮುಚ್ಚಿಹೋಗುವ ಭಾಗವನ್ನು ಮುಚ್ಚುವ ಮೊದಲು ಹತ್ತಿರದಿಂದ ತೋರಿಸಿ. ಆಮೇಲೆ, ಈ ಮಾದರಿಯನ್ನು ಕಟ್ಟಿಯೇ ಇರದ ಒಬ್ಬರ ಕೈಗೆ ಪಿಡಿಎಫ್ ಕೊಟ್ಟು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಿ. ಅಕ್ಕನ ಮಗ ಕಟ್ಟುತ್ತಾ ಹದಿನೇಳನೇ ಹಂತದಲ್ಲಿ ನಿಂತುಬಿಟ್ಟ. ಹಿಂದಿನ ಪುಟ, ಮುಂದಿನ ಪುಟ ತಿರುವಿದ. ದಬ್ಬೆ ಹಾಸುವುದು, ಕಂಬ ನಿಲ್ಲಿಸುವುದು ಎರಡನ್ನೂ ನಾನು ಒಂದೇ ಚಿತ್ರದಲ್ಲಿ ತುರುಕಿದ್ದೆ. ಅದನ್ನು ಎರಡು ಹಂತ ಮಾಡಿದೆ, ಸರಿಹೋಯಿತು.

ಎಲ್ಲಿ ಹಾಕುವುದು

ಕಟ್ಟುವವರಿಗೆ ಎಲ್ಲಕ್ಕಿಂತ ಅನುಕೂಲ ರಿಬ್ರಿಕಬಲ್ ಎಂಬ ಜಾಲತಾಣ. ಪೀಸುಗಳ ಪಟ್ಟಿ, ಚಿತ್ರ, ಕಟ್ಟುವ ಕ್ರಮ ಮೂರನ್ನೂ ಅಲ್ಲಿ ಏರಿಸಬಹುದು. ಓದುಗರು ತಮ್ಮಲ್ಲಿರುವ ಸೆಟ್ಟುಗಳನ್ನು ಅಲ್ಲಿ ನಮೂದಿಸಿದ್ದರೆ, ನಿಮ್ಮ ಮಾದರಿಗೆ ಅವರ ಹತ್ತಿರ ಎಷ್ಟು ಪೀಸಿದೆ, ಎಷ್ಟು ಕೊಳ್ಳಬೇಕು ಎಂಬುದನ್ನು ಅದೇ ಲೆಕ್ಕ ಹಾಕಿ ಹೇಳುತ್ತದೆ. ಒಂದೇ ಸೆಟ್ಟಿನ ಪೀಸುಗಳಿಂದ ಬೇರೆ ಏನನ್ನಾದರೂ ಕಟ್ಟಿದ್ದರೆ ಅದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಕೈಯಲ್ಲಿ ಒಂದೇ ಡಬ್ಬ ಇರುವ ಮಕ್ಕಳಿಗೆ ಅದು ಒಳ್ಳೆಯ ಬಾಗಿಲು.

ಕಂಪನಿಯದೇ ಜಾಲತಾಣ ಲೆಗೊ ಐಡಿಯಾಸ್ ಬೇರೆಯೇ ದಾರಿ. ಜಪಾನಿನಲ್ಲಿ 2008ರಲ್ಲಿ ಶುರುವಾದದ್ದು. ಅಲ್ಲಿ ನಿಮ್ಮ ಕಲ್ಪನೆಗೆ 10,000 ಮಂದಿ ಬೆಂಬಲ ಕೊಟ್ಟರೆ ಕಂಪನಿ ಪರಿಶೀಲನೆಗೆ ತೆಗೆದುಕೊಳ್ಳುತ್ತದೆ. ಅದು ಸೆಟ್ ಆಗಿ ಮಾರುಕಟ್ಟೆಗೆ ಬಂದರೆ ನಿವ್ವಳ ಮಾರಾಟದ ಶೇ 1ರಷ್ಟು ವಿನ್ಯಾಸಕಾರರಿಗೆ. ಅಲ್ಲಿನ ನಿಯಮಗಳು ಬಿಗಿ. ಏರಿಸುವ ಮೊದಲು ಪೂರ್ತಿ ಓದಿ.

ವಿವರಣೆಯನ್ನು ಅಸಡ್ಡೆ ಮಾಡಬೇಡಿ. ಕೊಬ್ಬರಿ ಅಟ್ಟ ಎಂದರೆ ಏನು ಎಂದು ಡೆನ್ಮಾರ್ಕಿನವರಿಗೆ ಹೇಗೆ ಗೊತ್ತಾಗಬೇಕು? ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ, ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗೊಟಗೊಟ ಸದ್ದು ಮಾಡುತ್ತದೆ ಎಂದು ನಾಲ್ಕು ಸಾಲು ಬರೆದೆ. ಕನ್ನಡದಲ್ಲಿ ಬರೆದು ಕೆಳಗೆ ಸರಳ ಇಂಗ್ಲಿಷಿನಲ್ಲೂ ಹಾಕಿದೆ. ನಮ್ಮ ಸೀಮೆಯಲ್ಲಿ ಕಟ್ಟುವಂಥದ್ದು ಎಷ್ಟಿದೆ! ಕೋಲಾರ ಚಿನ್ನದ ಗಣಿಯ ಶಾಫ್ಟ್ ಮೇಲಿನ ಚಕ್ರದ ಗೋಪುರ, ನಂದಿಯ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ, ತುಮಕೂರಿನ ಗಾಜಿನ ಮನೆ, ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ. ಕಲ್ಯಾಣಿಯ ಮೆಟ್ಟಿಲಿಗೆ ಒಂದೊಂದು ಪ್ಲೇಟ್ ಹಿಂದೆ ಸರಿಸುತ್ತಾ ಹೋದರೆ ಸಾಕು. ಕೈ ಕೂರಿಸಲು ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತೋಚದು.

ಬೇರೆಯವರ ತಂತ್ರ ಬಳಸಿದ್ದರೆ ಅವರ ಹೆಸರು ಹಾಕಿ. ಹಿಂಜ್ ಮಾಡಿನ ಉಪಾಯ ನನ್ನದಲ್ಲ, ಕಲಿತದ್ದು, ಹಾಗೆಂದೇ ಬರೆದೆ. ದುಡ್ಡು ಕೊಟ್ಟು ತಂದ ಇನ್ನೊಬ್ಬರ ಪಿಡಿಎಫ್ ಅನ್ನು ಹಂಚುವುದು ಕಳ್ಳತನ. ಮಕ್ಕಳು ಕಟ್ಟಿದ್ದನ್ನು ಏರಿಸುವಾಗ ಅವರ ಮುಖ, ಶಾಲೆಯ ಬ್ಯಾಡ್ಜು, ಮನೆಯ ನಂಬರ್ ಚಿತ್ರದಲ್ಲಿ ಇಣುಕದಂತೆ ನೋಡಿಕೊಳ್ಳಿ. ಖಾತೆ ದೊಡ್ಡವರ ಕೈಯಲ್ಲಿರಲಿ.

ಏರಿಸಿದ ಮೇಲೆ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಿ. ತಿದ್ದಿದಾಗಲೆಲ್ಲ ಪಿಡಿಎಫ್‌ನ ಮೊದಲ ಪುಟದಲ್ಲಿ ತಾರೀಕು ಬದಲಿಸಿ. ನನ್ನ ಅಟ್ಟವನ್ನು ಕಟ್ಟಿದ ಒಬ್ಬರು ಕೇಳಿದರು: ದಬ್ಬೆಗಳ ನಡುವೆ ಸಂದು ಯಾಕೆ, ಪೀಸು ಸಾಲದೆ ಹೋಯಿತೇ? ‘ಗಾಳಿಯಾಡಲಿ ಅಂತ’ ಎಂದು ಉತ್ತರ ಬರೆಯುತ್ತಿದ್ದಾಗ ನೆನಪಾಯಿತು. ಮಳೆಗಾಲದ ಥಂಡಿಗೆ ನಮ್ಮಜ್ಜಿ ಅಟ್ಟದ ಕೆಳಗೆ ಮಟ್ಟೆ ಒಟ್ಟಿ ಹೊಗೆ ಹಾಕುತ್ತಿದ್ದಳು. ಆ ಹೊಗೆ ಸಂದಿನಲ್ಲಿ ಏರಿ ಹೆಂಚಿನಿಂದ ಹೊರಬರುವುದನ್ನು ನಾನು ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಅದನ್ನೂ ಬರೆದು ಕಳಿಸಿದೆ. ಆ ರಾತ್ರಿಯೇ ಮಾದರಿಯ ಕೆಳಗೆ ಮೂರು ಕಪ್ಪು ಬ್ರಿಕ್ಕು, ಎರಡು ಕಿತ್ತಳೆ ಬಣ್ಣದ ಪಾರದರ್ಶಕ ದುಂಡು ಪ್ಲೇಟು ಇಟ್ಟು ಹೊಗೆಗುಂಡಿ ಮಾಡಿ, ಹೊಸ ತಾರೀಕು ಹಾಕಿ ಪಿಡಿಎಫ್ ಏರಿಸಿದೆ.